ಕೆಳಗಿನ ಅಂಚು

ಝೈಸಾನ್ ಊರಿನ ಚಿಕ್ಕ ಮ್ಯೂಸಿಯಮ್ಮಿನಲ್ಲಿ
ದಫ್ತರ ಬರೆಯುವುದು ನನ್ನ ಕೆಲಸ.
ಸಂಖ್ಯೆ, ವಸ್ತು, ಕಾಲ, ಅಳತೆ, ಸ್ಥಿತಿ.
ಐದೇ ಖಾನೆ. ಅದರೊಳಗೆ
ಕುದುರೆಯ ಜೀನು ಹಿಡಿಸಿದೆ, ಮದುಮಗಳ ಬೆಳ್ಳಿ ಹಿಡಿಸಿದೆ,
ತಂತಿ ಕಡಿದ ದೊಂಬ್ರಾ ಹಿಡಿಸಿದೆ,
ಬೇಟೆಹದ್ದಿನ ಕಣ್ಣು ಮುಚ್ಚುತ್ತಿದ್ದ ತೊಗಲ ಕುಲಾವಿಯೂ;
ಹದ್ದು ಮಾತ್ರ ಹಿಡಿಸಿಲ್ಲ.

ಇನ್ನೂರ ಹದಿನೇಳು: ತುಸ್ಕಿಯೀಜ್.
ಹಾಸಿಗೆಯ ಪಕ್ಕ ಗೋಡೆಗೆ ತೂಗುವ ಕಸೂತಿ.
ಕಪ್ಪು ಮಖಮಲ್ಲು. ಅದರ ತುಂಬ
ಟಗರುಕೊಂಬಿನ ಸುರುಳಿ, ಸುರುಳಿಯ ಬಸಿರಲ್ಲಿ ಮತ್ತೊಂದು ಸುರುಳಿ,
ಕೆಂಪು ಹಳದಿಗೆ ಹೆದರದೆ, ಹಳದಿ ಹಸಿರಿಗೆ ಸೋಲದೆ.
ಮೇಲಿನ ಮೂಲೆಯಲ್ಲಿ ಇಸವಿ: ೧೯೫೮.
ಕೊನೆಯ ಎಂಟು ಕೊಂಚ ಕುಡಿದವನ ಹಾಗೆ ವಾಲಿದೆ.
ಮೂರು ಕಡೆ ಅಂಚು. ನಾಲ್ಕನೆಯ ಕಡೆ, ಕೆಳಗೆ,
ಬರೀ ಬಟ್ಟೆ. ಸೀಮೆಸುಣ್ಣದ ಗೆರೆ ಹಾಗೇ ಇದೆ,
ಈಗ ಬಂದೆ ಎಂದು ಹೇಳಿ ಸೂಜಿ ಎದ್ದುಹೋದಂತೆ.

ನಾನು ಬರೆದೆ: ಅಪೂರ್ಣ.
ಮತ್ತೆ ಬರೆದೆ: ಎಡಗಡೆ, ಬುಡದಿಂದ ಎರಡು ಗೇಣು ಮೇಲೆ,
ಸವೆದು ಬೋಳಾಗಿದೆ.

ನಿರ್ದೇಶಕ ಸೆರಾಲಿ ಕನ್ನಡಕ ಏರಿಸಿ ನೋಡಿ ಅಂದರು:
ರಾಜಧಾನಿಯಿಂದ ಜನ ಬರುತ್ತಾರೆ, ಹದಿನೈದಕ್ಕೆ.
ದರ್ಜಿ ಅಂಗಡಿಗೆ ಕಳಿಸು. ಮಿಷನ್ನಿನಲ್ಲಿ ಅರ್ಧ ದಿನದ ಕೆಲಸ.

ಅವತ್ತೇ ಮಧ್ಯಾಹ್ನ ಬಂದಳು ಕುಲ್ಜಿಪಾ ಅಜ್ಜಿ,
ಕೊಟ್ಟ ಮಗಳನ್ನು ಗಂಡನ ಮನೆಯಲ್ಲಿ ನೋಡಲು ಬಂದವಳಂತೆ,
ಚೀಲದ ತುಂಬ ಬೌರ್ಸಾಕು, ಇನ್ನೂ ಬಿಸಿ.
ಮುಟ್ಟುವ ಮೊದಲು ಹಾಕಿಕೊಳ್ಳಲೆಂದು ನಾನು ಕೊಟ್ಟ ಬಿಳಿ ಗವಸಿನಲ್ಲಿ
ಮೂಗೊರೆಸಿಕೊಂಡು, ನೀಟಾಗಿ ಮಡಿಸಿ ಹಿಂತಿರುಗಿಸಿದಳು.

ನಾನು ನಾಲ್ಕು ಪುಸ್ತಕ ಓದಿದವಳು. ಕೇಳಿದೆ:
ಹೌದೇ ಅಪಾ, ಅಂಚು ಮುಗಿಸಿದರೆ ಆಯಸ್ಸು ಮುಗಿಯುತ್ತದಂತೆ,
ಅದಕ್ಕೇ ಹಿಂದಿನವರು ಬಿಟ್ಟುಬಿಡುತ್ತಿದ್ದರಂತೆ?

ನಕ್ಕಳು. ಇದ್ದ ನಾಲ್ಕು ಹಲ್ಲೂ ನಕ್ಕವು.
"ದಾರ ಮುಗಿಯಿತು ಮಗಳೇ.
ಸಹಕಾರಿ ಅಂಗಡಿಯಲ್ಲಿ ಆ ಚಳಿಗಾಲ ಮೊಳೆ ಇತ್ತು, ಉಪ್ಪಿತ್ತು,
ದಾರ ಇರಲಿಲ್ಲ.
ಅವ್ವ ಅಪ್ಪನ ಸ್ವೆಟರು ಬಿಚ್ಚಿದಳು. ಯುದ್ಧದಿಂದ
ಅದೊಂದೇ ವಾಪಸು ಬಂದದ್ದು.
ನೋಡು, ಈ ಕಂದು ಕೊಂಬು, ಇದು ಅವನ ತೋಳು.
ಇದು ಕತ್ತು. ಅಷ್ಟಕ್ಕೆ ಅವನೂ ಮುಗಿದ.
ನನ್ನ ಮದುವೆ ಬಂತು. ಕೆಳಗಿನದು ಮಂಚದ ಹಿಂದೆ ಹೋಗುತ್ತೆ,
ಬಗ್ಗಿ ನೋಡುವವರು ಯಾರು, ಅಂದಳು."

ಆಮೇಲೆ ಬೋಳಾದ ಜಾಗಕ್ಕೆ ಬೆರಳಿಟ್ಟಳು.
"ಇದು ನನ್ನ ಆರು ಮಕ್ಕಳು.
ಗೋಡೆಯ ಬದಿಗೆ ಯಾವುದು ಮಲಗಿತ್ತೋ ಅದು
ನಿದ್ದೆ ಬರುವ ತನಕ ಈ ಸುರುಳಿಯ ಹಾದಿ ಹಿಡಿದು ಹೋಗುತ್ತಿತ್ತು,
ಒಳಗೆ, ಒಳಗೆ, ಇನ್ನೂ ಒಳಗೆ.
ಶೆಗೆನ್ ಉಗುರಲ್ಲಿ ಕಿತ್ತ. ಎರಡೇಟು ತಿಂದ.
ಈಗ ಗಡಿಗೆ ಲಾರಿ ಓಡಿಸುತ್ತಾನೆ; ಅದನ್ನೇಕೆ ಕೊಟ್ಟೆ ಅಂತ
ಫೋನಿನಲ್ಲಿ ನನ್ನನ್ನೇ ಬೈಯುತ್ತಾನೆ."

ಎರಡು ಲೋಟ ಚಹಾ ಕುಡಿದಳು, ಹಾಲು ಸಾಲದೆಂದಳು.
ಬಾಗಿಲು ತೆರೆದರೆ ಸರೋವರದ ಕಡೆಯ ಗಾಳಿ,
ತಲೆವಸ್ತ್ರ ಬಿಗಿದುಕೊಂಡವಳು ನಿಂತಳು. ತಿರುಗಿದಳು.

"ಅವ್ವ ತೊಂಬತ್ತೊಂದು ಬಾಳಿದಳು.
ಆಮೇಲೆ ಅಂಗಡಿಗೆ ದಾರ ಬಂತು, ಹೊರೆಗಟ್ಟಲೆ."

ಮತ್ತೆ, ನನ್ನ ಮುಖ ನೋಡದೆ:
"ನೀವು ಅದನ್ನು ಹೊಲಿಸುವುದಿಲ್ಲ ತಾನೆ?"

ಸಂಜೆ ದರ್ಜಿ ಅಂಗಡಿಗೆ ಹೋದೆ.
ನನ್ನ ಕೋಟಿಗೆ ಗುಂಡಿ ಹಾಕಿಸಿಕೊಂಡು ಬಂದೆ.
ಅಪೂರ್ಣದ ಮೇಲೆ ಗೆರೆ ಎಳೆದೆ, ಬೋಳಿನ ಮೇಲೂ.
ಬೇರೆ ಮಾತು ಹೊಳೆಯಲಿಲ್ಲ.

ಹದಿನೈದಕ್ಕೆ ಬಂದವರಲ್ಲಿ ಒಬ್ಬರು, ಬಗ್ಗಿಯೇ ನೋಡಿದರು.
ಇದೇನು, ಇಲ್ಲಿ ಖಾಲಿ?
ಸೆರಾಲಿ ನನ್ನ ಕಡೆ ಕಣ್ಣು ಬಿಟ್ಟರು.

ದಾರ ಸಿಗಲಿಲ್ಲ, ಅಂದೆ.